ಸೇವೆಗೆ ಮೀಸಲಾಗಬೇಕಿದ್ದ ವರ್ಷ

ಕಾಲೇಜು ವಿದ್ಯಾರ್ಥಿಗಳನ್ನು ಹಳ್ಳಿಗಳ ಮತ್ತು ಕೊಳೆಗೇರಿಗಳ ಬದುಕಿಗೆ ಹತ್ತಿರ ತರುವ ಉದ್ದೇಶದಿಂದ ರೂಪುಗೊಂಡ ರಾಷ್ಟ್ರೀಯ ಸೇವಾ ಯೋಜನೆಯು (ಎನ್‌ಎಸ್‌ಎಸ್) ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಅರ್ಥಶಾಸ್ತ್ರಜ್ಞ ಡಾ. ವಿ.ಕೆ.ಆರ್.ವಿ. ರಾವ್.

ಈ ಯೋಜನೆಯ ಹಿಂದಿದ್ದ ಮೂಲ ಕಲ್ಪನೆ ಇಂದಿನ ರೂಪಕ್ಕಿಂತ ದೊಡ್ಡದಾಗಿತ್ತು. ಮಾಜಿ ಹಣಕಾಸು ಸಚಿವ ಸಿ.ಡಿ. ದೇಶಮುಖ್ ಅಧ್ಯಕ್ಷತೆಯಲ್ಲಿ 1959ರಲ್ಲಿ ನೇಮಕಗೊಂಡ ಸಮಿತಿಯು, ಪ್ರೌಢಶಿಕ್ಷಣ ಮುಗಿಸಿ ವಿಶ್ವವಿದ್ಯಾಲಯ ಸೇರಬಯಸುವವರು ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ರಾಷ್ಟ್ರಸೇವೆ ಸಲ್ಲಿಸಬೇಕೆಂದು ಸೂಚಿಸಿತ್ತು. ಹಣಕಾಸಿನ ಹೊರೆ ಮತ್ತು ಜಾರಿಯ ತೊಡಕುಗಳಿಂದ ಆ ಸಲಹೆ ಕೈಗೂಡಲಿಲ್ಲ. ಹಲವು ದೇಶಗಳ ಪದ್ಧತಿಗಳನ್ನು ಪರಿಶೀಲಿಸಿದ ಶಿಕ್ಷಣತಜ್ಞ ಕೆ.ಜಿ. ಸೈಯಿದೈನ್ ಅವರು ಸೇವೆ ಸ್ವಯಂಪ್ರೇರಿತವಾಗಿರಬೇಕೆಂದು ಶಿಫಾರಸು ಮಾಡಿದರು. ಹೀಗೆ ವರ್ಷವೊಂದರ ಕಲ್ಪನೆ ಎರಡು ವರ್ಷಗಳಲ್ಲಿ ಹಂಚಿಹೋದ 240 ಗಂಟೆಗಳಿಗೂ ಏಳು ದಿನಗಳ ಒಂದು ವಿಶೇಷ ಶಿಬಿರಕ್ಕೂ ಇಳಿಯಿತು.

‘ನನಗಲ್ಲ, ನಿನಗೆ’ ಎಂಬ ಧ್ಯೇಯವಾಕ್ಯದ ಈ ಯೋಜನೆಯ ಶಿಬಿರಗಳು ಕರ್ನಾಟಕದ ಹಳ್ಳಿಗಳಿಗೆ ಸುಪರಿಚಿತ. ಶಿಬಿರಾರ್ಥಿಗಳು ಸಾಮಾನ್ಯವಾಗಿ ಊರಿನ ಸರ್ಕಾರಿ ಶಾಲೆಯಲ್ಲಿ ತಂಗಿ, ಬೆಳಿಗ್ಗೆ ಧ್ವಜಾರೋಹಣದ ನಂತರ ಶ್ರಮದಾನ ಮಾಡಿ, ಮಧ್ಯಾಹ್ನ ಉಪನ್ಯಾಸ ಕೇಳಿ, ಸಂಜೆ ಊರವರೊಡನೆ ಸಾಂಸ್ಕೃತಿಕ ಕಾರ್ಯಕ್ರಮ ನಡೆಸುತ್ತಾರೆ. ಕಾರ್ಯಕ್ರಮಾಧಿಕಾರಿ ಎಂದು ಕರೆಯಲಾಗುವ ಅಧ್ಯಾಪಕರೊಬ್ಬರು ಇದೆಲ್ಲದರ ಹೊಣೆ ಹೊರುತ್ತಾರೆ. ಒಟ್ಟಿಗೆ ಉಂಡು, ಒಟ್ಟಿಗೆ ಗುದ್ದಲಿ ಹಿಡಿದು ಕಲಿತ ಶಿಸ್ತು ಸಾವಿರಾರು ಯುವಜನರ ಮನಸ್ಸನ್ನು ತಿದ್ದಿದೆ ಎಂಬುದರಲ್ಲಿ ಸಂಶಯವಿಲ್ಲ.

ಆದರೆ ಬಡತನವನ್ನು ಅರಿಯಲು ಒಂದು ವಾರ ಸಾಲದೆಂಬುದನ್ನು ಸಕಲೇಶಪುರ ತಾಲ್ಲೂಕಿನ ದೋಣಿಗಲ್‌ ಸುತ್ತಲಿನ ಮಲೆನಾಡು ಸ್ಪಷ್ಟವಾಗಿ ತೋರಿಸುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೈನ್ ಮನೆಗಳ, ಅಂದರೆ ಕೂಲಿಕಾರರಿಗಾಗಿ ಸಾಲಾಗಿ ಕಟ್ಟಿದ ವಸತಿಗಳ, ಕುಟುಂಬಗಳಿಗೆ ದುಡಿಮೆ ಹೆಚ್ಚು. ಹಗಲಿನಲ್ಲಿ ಸಮೀಕ್ಷೆಗೆಂದು ಹೋದ ಶಿಬಿರಾರ್ಥಿಗಳಿಗೆ ಮನೆಯ ಹಿರಿಯರು ಸಿಗುವುದೇ ಕಷ್ಟ. ಆಷಾಢದ ಬಿಡದ ಮಳೆಯಲ್ಲಿ ಅದೇ ಮನೆಯ ಕೂಲಿ, ಅಡುಗೆಯ ಸೌದೆ, ಮಕ್ಕಳ ಆರೋಗ್ಯ ಎಲ್ಲವೂ ಬೇರೆಯೇ ಸ್ಥಿತಿಗೆ ಬರುತ್ತವೆ. ಶಿಬಿರ ಯಾವ ತಿಂಗಳಲ್ಲಿ ನಡೆದರೂ ಅದಕ್ಕೆ ಕಾಣುವುದು ಒಂದೇ ಋತು.

ಈ ಕೊರತೆಯನ್ನು ತುಂಬಬಲ್ಲ ಮಾದರಿಯೊಂದು ಅಮೆರಿಕದ ಯಹೂದಿ ಸಮುದಾಯದಲ್ಲಿದೆ. 1998ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾಗಿ ಮುಂದೆ ವಾಷಿಂಗ್ಟನ್, ಷಿಕಾಗೊ, ನ್ಯೂ ಆರ್ಲಿಯನ್ಸ್ ನಗರಗಳಿಗೆ ಹಬ್ಬಿದ ‘ಅವೋಡಾ’ ಎಂಬ ಸಂಸ್ಥೆಯಲ್ಲಿ ಇಪ್ಪತ್ತರ ಹರೆಯದ ಯಹೂದಿ ಯುವಜನರು ಸುಮಾರು ಒಂದು ವರ್ಷ ಒಂದೇ ಮನೆಯಲ್ಲಿ ವಾಸಿಸುತ್ತ, ಬಡವರಿಗೆ ಕಾನೂನು ನೆರವು, ವಸತಿ, ಆಹಾರ, ಆರೋಗ್ಯ ಒದಗಿಸುವ ಸಂಸ್ಥೆಗಳಲ್ಲಿ ಪೂರ್ಣಾವಧಿ ದುಡಿಯುತ್ತಾರೆ. ಅವರಿಗೆ ದೊರೆಯುವುದು ಸರಳ ಜೀವನಕ್ಕೆ ಸಾಲುವಷ್ಟು ಭತ್ಯೆ. ದುಡಿಮೆಯ ಜೊತೆಗೆ ಬಡತನದ ಕಾರಣಗಳನ್ನೂ ತಮ್ಮ ಧರ್ಮಗ್ರಂಥಗಳು ನ್ಯಾಯದ ಬಗ್ಗೆ ಹೇಳುವುದನ್ನೂ ಅವರು ಒಟ್ಟಾಗಿ ಅಧ್ಯಯನ ಮಾಡುತ್ತಾರೆ. ದುಡಿಮೆ, ಸಹವಾಸ, ಅಧ್ಯಯನ ಈ ಮೂರೂ ದೀರ್ಘಕಾಲ ಒಂದಾಗಿ ಸಾಗುವುದೇ ಅದರ ಶಕ್ತಿ.

ನಗರದ ಬಡತನಕ್ಕೆ ಇಂತಹ ದೀರ್ಘ ಒಡನಾಟ ಇನ್ನೂ ಅಗತ್ಯ. ಕೊಳೆಗೇರಿಯ ಒಂದು ಕುಟುಂಬಕ್ಕೆ ಪಡಿತರ ಚೀಟಿ ಕೊಡಿಸುವುದು, ಶಾಲೆ ಬಿಟ್ಟ ಮಗುವನ್ನು ಮರಳಿ ಸೇರಿಸಿ ಅದು ಅಲ್ಲಿ ಉಳಿಯುವಂತೆ ನೋಡಿಕೊಳ್ಳುವುದು, ಮನೆಯ ಹಕ್ಕುಪತ್ರಕ್ಕಾಗಿ ಕಚೇರಿಗೆ ಅಲೆಯುವುದು, ಇವು ಯಾವುವೂ ಏಳು ದಿನಗಳಲ್ಲಿ ಮುಗಿಯುವ ಕೆಲಸಗಳಲ್ಲ.

ದಾಸೋಹವನ್ನೂ ಕಾಯಕವನ್ನೂ ಬದುಕಿನ ಮೌಲ್ಯಗಳಾಗಿ ಎತ್ತಿಹಿಡಿದ ನಾಡಿನಲ್ಲಿ ಈ ಕಲ್ಪನೆಗೆ ಹೊಸ ನೆಲ ಹುಡುಕಬೇಕಾಗಿಲ್ಲ. ಆದ್ದರಿಂದ ಕರ್ನಾಟಕದ ವಿಶ್ವವಿದ್ಯಾಲಯಗಳು ಈಗಿನ ಶಿಬಿರಗಳನ್ನು ಉಳಿಸಿಕೊಂಡೇ, ಪದವಿ ಮುಗಿಸಿದ ಆಸಕ್ತರಿಗೆ ಭತ್ಯೆ, ವಸತಿ ಮತ್ತು ಮಾರ್ಗದರ್ಶನದೊಡನೆ ಒಂದು ವರ್ಷದ ಸ್ವಯಂಪ್ರೇರಿತ ಸೇವೆಯ ಅವಕಾಶ ಕಲ್ಪಿಸಬೇಕು, ಸರ್ಕಾರವೂ ಮಠಮಾನ್ಯಗಳೂ ಅದರ ವೆಚ್ಚಕ್ಕೆ ಹೆಗಲು ಕೊಡಬೇಕು.