ಬೋರ್ಡು ಬದಲಾದ ಬ್ಯಾಂಕು, ಬಾಲ ನೋಡಬೇಕಾದ ವಿಳಾಸ

ಕೊಳ್ಳೇಗಾಲದ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಮೈಸೂರು ಬ್ಯಾಂಕು’. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಲೀನವಾದದ್ದು 2017ರ ಏಪ್ರಿಲ್ 1ರಂದು. ಹನೂರು, ಯಳಂದೂರು ಕಡೆಯ ರೈತರ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಂದು ಮತ್ತೊಂದು ವಿಲೀನ. ಕನ್ನಡದಲ್ಲಿ ಹೆಸರು ಹಾಗೇ ಉಳಿಯಿತು, ಇಂಗ್ಲಿಷಿನ ‘ಗ್ರಾಮಿನ್’ ಮಾತ್ರ ‘ಗ್ರಾಮೀಣ’ ಆಯಿತು.

ಬೋರ್ಡು ಬದಲಾದರೇನು, ಕಟ್ಟಡ ಅದೇ, ಕೌಂಟರು ಅದೇ. ಅಂತರ್ಜಾಲದಲ್ಲಿ ಹಾಗಲ್ಲ. ಅಲ್ಲಿ ಕಟ್ಟಡವೇ ಇಲ್ಲ, ಹೆಸರೇ ಎಲ್ಲ. ಒಂದಕ್ಷರ ಆಚೀಚೆಯಾದರೆ ಬೇರೆಯವರ ಮನೆ. ಕಳ್ಳ ಕಾದಿರುವುದು ಆ ಒಂದಕ್ಷರದಲ್ಲೇ. ‘ಫಿಶಿಂಗ್’ ಎಂಬ ಪದ ಹುಟ್ಟಿದ್ದೂ ಅಕ್ಷರದಾಟದಿಂದಲೇ: 1990ರ ದಶಕದಲ್ಲಿ ಅಮೆರಿಕ ಆನ್‌ಲೈನ್ ಎಂಬ ಕಂಪನಿಯ ಗ್ರಾಹಕರ ಪಾಸ್‌ವರ್ಡಿಗೆ ಗಾಳ ಹಾಕುತ್ತಿದ್ದವರು ಮೀನು ಹಿಡಿಯುವ ಇಂಗ್ಲಿಷ್ ಪದದ ‘ಎಫ್’ ತೆಗೆದು ‘ಪಿ ಎಚ್’ ಇಟ್ಟರು.

ಇಮೇಲ್‌ನದು ಇನ್ನೂ ಹಳೆಯ ದೌರ್ಬಲ್ಯ. ಅದನ್ನು ಸಾಗಿಸುವ ಎಸ್‌ಎಂಟಿಪಿ ನಿಯಮಗಳು 1982ರವು. ‘ಇಂದ’ ಎಂಬಲ್ಲಿ ಬರೆದ ಹೆಸರು ನಿಜವೇ ಎಂದು ಅವು ಕೇಳುತ್ತಿರಲಿಲ್ಲ. ಇನ್‌ಲ್ಯಾಂಡ್ ಲೆಟರಿನ ಹಿಂದೆ ಯಾರ ಹೆಸರನ್ನಾದರೂ ಬರೆಯಬಹುದಿತ್ತಲ್ಲ, ಹಾಗೆ. ಕಾವಲು ಬಂದದ್ದು ಆಮೇಲೆ, ತೇಪೆ ತೇಪೆಯಾಗಿ.

2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿಯಿತು. ದೇಶದ ಬ್ಯಾಂಕುಗಳಿಗೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಒಂದೇ ಬೀದಿ. ಅಲ್ಲಿ ಸೈಟು ಹಂಚುವ ಅಧಿಕಾರ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಗೆ ಮಾತ್ರ. ಅಕ್ಟೋಬರ್ 31ರೊಳಗೆ ಮನೆ ಬದಲಿಸಬೇಕೆಂದು ಬ್ಯಾಂಕುಗಳಿಗೆ ಗಡುವು ಇತ್ತು. ಎಸ್‌ಬಿಐ ಈಗ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’.

ಇದನ್ನು ಓದುವ ಕ್ರಮ ನಮಗೆ ಹೊಸತಲ್ಲ. ಹೊಸೂರು ಎಂಬ ಊರು ಎಷ್ಟಿಲ್ಲ? ಅಂಚೆಯವರು ಮೊದಲು ನೋಡುವುದು ಕೊನೆಯ ಸಾಲನ್ನು: ಯಾವ ತಾಲ್ಲೂಕು, ಯಾವ ಜಿಲ್ಲೆ. ಜಾಲದ ವಿಳಾಸವೂ ಹಾಗೆಯೇ, ಮೊದಲ ಒಂಟಿ ಓರೆಗೆರೆಯವರೆಗಿನ ಹೆಸರಿನಲ್ಲಿ ಬಾಲವೇ ಯಜಮಾನ. ‘ಬ್ಯಾಂಕ್ ಡಾಟ್ ಇನ್’ ಆದಮೇಲೆ ಮತ್ತೊಂದು ಚುಕ್ಕಿ, ಮತ್ತೊಂದು ಹೆಸರು ಅಂಟಿಕೊಂಡಿದ್ದರೆ ಅದು ಬೇರೆ ಜಿಲ್ಲೆ.

ಇಷ್ಟಾದರೂ ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಎಂಬ ಆ್ಯಪ್ ಫೈಲಿಗೆ ಈ ಬೀದಿಯ ಹಂಗಿಲ್ಲ. ‘ಬ್ಯಾಂಕಿಂದ ಮಾತಾಡ್ತಿದೀವಿ, ಓಟಿಪಿ ಹೇಳಿ’ ಎನ್ನುವ ದನಿಗೆ ವಿಳಾಸವೇ ಇಲ್ಲ. ಅದಕ್ಕೆ ಇರುವುದು 1930 ಸೈಬರ್ ಅಪರಾಧ ಸಹಾಯವಾಣಿ. ಕಳ್ಳನ ಖಾತೆಯಿಂದ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ಕರೆ ಹೋದರೆ ಅಲ್ಲೇ ತಡೆಹಿಡಿಯಬಹುದು.