ಕುಳಿತು ಮುದ್ದೆ ತಿರುವಬಲ್ಲ ಅಡುಗೆಮನೆ

ಚಳ್ಳಕೆರೆ ಎಂದರೆ ಕಡಲೆಕಾಯಿ ಮತ್ತು ಎಣ್ಣೆ ಮಿಲ್ಲುಗಳ ಊರು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಬಂದ ಮೇಲೆ ಅದಕ್ಕೆ ವಿಜ್ಞಾನ ನಗರಿ ಎಂಬ ಹೆಸರೂ ಸೇರಿಕೊಂಡಿದೆ. ಕರಾವಳಿಯಿಂದ ಘಟ್ಟ ಹತ್ತಿ ಬ್ಯಾಂಕು, ಶಾಲೆ, ಆಸ್ಪತ್ರೆಗಳ ಕೆಲಸಕ್ಕೆಂದು ಅತ್ತ ಹೋಗುವವರು ಸಾಮಾನ್ಯವಾಗಿ ನೆಲೆಸುವುದು ಎರಡು ಮೂರು ಮಹಡಿಯ ಕಟ್ಟಡದ ಸಣ್ಣ ಫ್ಲ್ಯಾಟಿನಲ್ಲಿ. ಸ್ವಲ್ಪ ಕಾಲದ ಬಳಿಕ ಊರಿನಿಂದ ವಯಸ್ಸಾದ ತಾಯಿಯೋ ಅತ್ತೆಯೋ ಜತೆಗೂಡುತ್ತಾರೆ. ಸ್ಥಳೀಯ ಕುಟುಂಬಗಳಲ್ಲೂ ಹೀಗೆಯೇ. ಹಳ್ಳಿಯ ಮಾಳಿಗೆ ಮನೆ ಬಿಟ್ಟು ಅಜ್ಜಿ ಮಗನ ಬಾಡಿಗೆ ಮನೆಗೆ ಬರುತ್ತಾಳೆ. ಆ ಅಜ್ಜಿಗೆ ಮೊಣಕಾಲು ಮಡಚಲಾಗದು, ಅಥವಾ ಪಕ್ಷವಾತದ ನಂತರ ಗಾಲಿಕುರ್ಚಿಯೇ ಗತಿಯಾಗಿದೆ ಎಂದಿಟ್ಟುಕೊಳ್ಳೋಣ. ನಲವತ್ತು ವರ್ಷ ಒಂದು ಮನೆಯ ಊಟವನ್ನು ನಡೆಸಿದಾಕೆ ಈಗ ಬಾಗಿಲ ಬಳಿ ಕುಳಿತು ಸೊಸೆಗೆ ಉಪ್ಪು ಎಷ್ಟೆಂದು ಹೇಳಬೇಕು, ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ತಟ್ಟೆ ಮುಚ್ಚಿಟ್ಟ ತಣ್ಣನೆಯ ಊಟಕ್ಕೆ ಕಾಯಬೇಕು. ಇದು ಆಕೆಯ ಕಾಯಿಲೆಯಿಂದ ಮಾತ್ರ ಆದದ್ದಲ್ಲ, ಕಟ್ಟೆಯ ಎತ್ತರದಿಂದಲೂ ಆದದ್ದು ಎಂಬುದು ನಮ್ಮ ಅಭಿಪ್ರಾಯ.

ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಮೇಸ್ತ್ರಿಗಳು ಅಡುಗೆಕಟ್ಟೆಯನ್ನು 33ರಿಂದ 35 ಅಂಗುಲ ಎತ್ತರಕ್ಕೆ ಕಟ್ಟುತ್ತಾರೆ. ಅದರ ಮೇಲೆ ಗ್ಯಾಸ್ ಒಲೆ 5-6 ಅಂಗುಲ, ಅದರ ಮೇಲೆ ಪಾತ್ರೆ 7 ಅಂಗುಲ. ಪಾತ್ರೆಯ ಬಾಯಿ ನೆಲದಿಂದ 46 ಅಂಗುಲದ ಆಸುಪಾಸಿಗೆ ಬಂತು. ಕುರ್ಚಿಯಲ್ಲಿ ಕುಳಿತ ಹೆಂಗಸಿನ ಮೊಣಕೈ ಇರುವುದು ಸುಮಾರು 26-27 ಅಂಗುಲದಲ್ಲಿ, ಭುಜ ಸರಿಸುಮಾರು 40ರಲ್ಲಿ. ಅಂದರೆ ಕುದಿಯುವ ಎಸರು ಆಕೆಯ ಮುಖದ ಮಟ್ಟದಲ್ಲಿದೆ. ಒಳಗೇನಿದೆ ಎಂದು ಕಾಣಿಸುವುದೇ ಇಲ್ಲ.

ಕರಾವಳಿಯ ನಮಗೆ ಇದರ ಕಷ್ಟ ಪೂರ್ತಿ ಅರ್ಥವಾಗಲಿಕ್ಕಿಲ್ಲ. ಕುಚ್ಚಲಕ್ಕಿ ಗಂಜಿ ತನ್ನಷ್ಟಕ್ಕೆ ಬೇಯುತ್ತದೆ, ಒಮ್ಮೆ ಇಣುಕಿದರೆ ಸಾಕು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ರಾಗಿಮುದ್ದೆ ಹಾಗಲ್ಲ. ಹಿಟ್ಟು ಬೆಂದ ಮೇಲೆ ಗಂಟು ಉಳಿಯದಂತೆ ಮುದ್ದೆಕೋಲನ್ನು ಎರಡೂ ಕೈಯಿಂದ ಹಿಡಿದು, ಭುಜದ ಬಲವನ್ನೆಲ್ಲ ಕೆಳಮುಖವಾಗಿ ಹಾಕಿ ತಿರುವಬೇಕು. ನಿಂತ ಆರೋಗ್ಯವಂತೆಗೂ ಕಟ್ಟೆಯ ಮೇಲಿನ ಪಾತ್ರೆ ಎತ್ತರವೇ. ಅದಕ್ಕೇ ಹಲವರು ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು ತಿರುವುತ್ತಾರೆ. ಮಂಡಿ ಬಗ್ಗದವರಿಗೆ ಆ ದಾರಿಯೂ ಮುಚ್ಚಿತು. ನಗರದ ಪುಸ್ತಕ ನೋಡಿ ರಚಿಸಿದ ‘ಸುಲಭ ಅಡುಗೆಮನೆ’ಗಳಲ್ಲಿ ಮುದ್ದೆಗೆ ಜಾಗವಿರುವುದಿಲ್ಲ. ಆದ್ದರಿಂದ ಯಾರು ಅಡುಗೆ ಮಾಡುತ್ತಾರೆ ಎಂಬುದರ ಜತೆಗೆ ಯಾವ ಅಡುಗೆ ಮಾಡುತ್ತಾರೆ ಎಂಬುದನ್ನೂ ಮೊದಲೇ ಕೇಳಬೇಕು.

ಕುಳಿತು ಅಡುಗೆ ಮಾಡುವುದು ಯಾರೋ ದಯೆಯಿಂದ ಕೊಡುವ ರಿಯಾಯಿತಿಯಲ್ಲ. ಇಂದಿನ ಸಣ್ಣ ಫ್ಲ್ಯಾಟಿನ ಅಡುಗೆಮನೆಗೆ ಮಾದರಿ ಎನ್ನಲಾಗುವ ‘ಫ್ರಾಂಕ್‌ಫರ್ಟ್ ಅಡುಗೆಮನೆ’ಯನ್ನು 1926ರಲ್ಲಿ ರಚಿಸಿದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಆ ಪುಟ್ಟ ಕೋಣೆಯಲ್ಲಿ ಕಿಟಕಿಯ ಪಕ್ಕಕ್ಕೆ ಒಂದು ಕೆಲಸದ ಹಲಗೆ, ಅದರ ಮುಂದೆ ತಿರುಗುವ ಸ್ಟೂಲು ಇತ್ತು. ತರಕಾರಿ ಹೆಚ್ಚುವುದು ಕುಳಿತೇ ಆಗಲಿ ಎಂಬುದು ಆಕೆಯ ಯೋಚನೆ. ಜಗತ್ತು ಆ ಅಡುಗೆಮನೆಯ ಕಟ್ಟೆ, ಕಪಾಟುಗಳನ್ನು ನಕಲು ಮಾಡಿತು, ಸ್ಟೂಲನ್ನು ಮರೆತುಬಿಟ್ಟಿತು. ನಮ್ಮ ಅಜ್ಜಿಯರೂ ಈಳಿಗೆಮಣೆಯ ಮೇಲೆ ಕುಳಿತೇ ಹೆಚ್ಚಿದವರು.

ಹಾಗಾದರೆ ಏನು ಮಾಡಬಹುದು? ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರತ್ಯೇಕ ಊಟದ ಜಾಗವಿರುವ ಮನೆಯ ಅಡುಗೆಕೋಣೆಗೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಎನ್ನುತ್ತದೆ. ಗಾಲಿಕುರ್ಚಿ ಪೂರ್ತಿ ತಿರುಗಲು 1.5 ಮೀಟರ್ ಬೇಕು. 60 ಸೆಂಟಿಮೀಟರ್ ಕಟ್ಟೆ ಕಳೆದರೆ ಉಳಿಯುವುದು 1.2 ಮೀಟರ್. ಲೆಕ್ಕ ಸೋತಿತೇ? ಇಲ್ಲ. ಕಟ್ಟೆಯ ಕೆಳಗಿನ ಕಪಾಟನ್ನು ಕಟ್ಟದೆ ಖಾಲಿ ಬಿಟ್ಟರೆ ಕುರ್ಚಿಯ ಪಾದದ ಭಾಗ ಅದರಡಿ ಹೋಗುತ್ತದೆ, ತಿರುಗಲು ಜಾಗ ಸಿಗುತ್ತದೆ. ಕಡಪ ಕಲ್ಲಿನ ಕಟ್ಟೆಯನ್ನು 30 ಅಂಗುಲ ಎತ್ತರದಲ್ಲಿ ಕೂರಿಸಿ, ಅಡಿಯಲ್ಲಿ 27-28 ಅಂಗುಲ ಎತ್ತರ, ಕನಿಷ್ಠ 30 ಅಂಗುಲ ಅಗಲ ತೆರವು ಬಿಡಬೇಕು. ಬಾಗಿಲು ಒಳಕ್ಕೆ ತೆರೆಯುವುದಿದ್ದರೆ ಬಾಗಿಲನ್ನೇ ಕಳಚಿ ಪರದೆ ಹಾಕಿ. ಕಪಾಟು ಹೋಯಿತಲ್ಲಾ ಎಂದರೆ, ದಿನಬಳಕೆಯ ಡಬ್ಬಿಗಳಿಗೆ ಕುಳಿತವರ ಕೈಗೆಟಕುವ ಒಂದು ಅಟ್ಟಣಿಗೆ ಸಾಕು, ಉಳಿದದ್ದು ಹೆಚ್ಚಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಇಳಿಸುವ ಪಾತ್ರೆಗಳೇ.

ಮುದ್ದೆಗೆ ಮಾತ್ರ ಕಟ್ಟೆಯ ಕೊನೆಯಲ್ಲಿ 20 ಅಂಗುಲ ಎತ್ತರದ ಒಂದು ತಗ್ಗು ಭಾಗ ಬೇಕು. ಇಂಡಕ್ಷನ್ ಒಲೆಯನ್ನು ಅಲ್ಲಿಡಬೇಕು. ಒಲೆ ಎರಡೂವರೆ ಅಂಗುಲ, ಪಾತ್ರೆ ಏಳು; ಪಾತ್ರೆಯ ಬಾಯಿ 30 ಅಂಗುಲದೊಳಗೆ, ಕುಳಿತವರ ಮೊಣಕೈಯ ಹತ್ತಿರಕ್ಕೆ ಬರುತ್ತದೆ. ಆದರೆ ಗಾಜಿನ ಮೇಲೆ ಒತ್ತಿ ತಿರುವಿದರೆ ಗಾಜು ಒಡೆಯಬಹುದು. ಆದ್ದರಿಂದ ಒಲೆಯ ಮಟ್ಟಕ್ಕೇ ಪಕ್ಕದಲ್ಲಿ ದಪ್ಪ ಮರದ ಹಲಗೆ ಹಾಕಿ, ಅದರ ಮೇಲೆ ಲಾಳದ ಆಕಾರದ ಮರದ ಕಟ್ಟು ಜಡಿಯಿರಿ, ಲಾಳದ ಬಾಯಿ ಒಲೆಯ ಕಡೆಗಿರಲಿ. ಹಿಟ್ಟು ಬೆಂದೊಡನೆ ಪಾತ್ರೆಯನ್ನು ಎತ್ತದೆ ಒಳಕ್ಕೆ ಸರಿಸಿದರಾಯಿತು, ಕವೆಗೋಲಿನ ಕೆಲಸವನ್ನು ಲಾಳ ಮಾಡುತ್ತದೆ. ಗಾಲಿಕುರ್ಚಿಯವರು ಇಲ್ಲಿ ಪಕ್ಕಕ್ಕೆ ತಿರುಗಿ ಕುಳಿತು ತಿರುವಬೇಕಾದ್ದರಿಂದ ಒಬ್ಬರಿಬ್ಬರ ಮುದ್ದೆಯಾದೀತು, ದೊಡ್ಡ ಸಂಸಾರದ್ದು ಆಗದು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ತಗ್ಗು ಒಲೆ ಅಪಾಯಕಾರಿ, ಅದಕ್ಕೊಂದು ಅಡ್ಡಗಂಬಿ ಬೇಕು.

ಇಂಡಕ್ಷನ್ ಏಕೆ? ಕುಳಿತು ಕೈ ಚಾಚುವಾಗ ಸೆರಗಿಗೆ ತಾಗುವ ಉರಿಯಿಲ್ಲ. ಪಾತ್ರೆ ತೆಗೆದರೆ ಒಲೆ ತಾನೇ ನಿಲ್ಲುತ್ತದೆ. ಶಾಖವೂ ಹೆಚ್ಚು ಪೋಲಾಗುವುದಿಲ್ಲ. ಕಟ್ಟೆಯಡಿ ಜಾಗವನ್ನೆಲ್ಲ ತಿನ್ನುತ್ತಿದ್ದ ಸಿಲಿಂಡರ್ ಹೊರಟುಹೋಗುತ್ತದೆ. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ, ಅದನ್ನು ಯಾವ ಅಜ್ಜಿಯೂ ಬದಲಿಸಲಾರಳು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಲಾಭ ಪಡೆಯುವವರು ತಮ್ಮ ಮಿತಿಯ ಯೂನಿಟ್ಟುಗಳನ್ನು ಮೊದಲು ಲೆಕ್ಕ ಹಾಕಿಕೊಳ್ಳಲಿ. ಅಲ್ಯೂಮಿನಿಯಂ ಪಾತ್ರೆ ಇದರಲ್ಲಿ ನಡೆಯದು. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಕೊಳ್ಳಿರಿ. ಕಣ್ಣು ಮಂಜಾದವರಿಗೆ ನುಣುಪು ಗಾಜಿನ ಮೇಲಿನ ಸ್ಪರ್ಶದ ಗುಂಡಿಗಳು ತಿಳಿಯುವುದಿಲ್ಲ, ತಿರುಗಿಸುವ ಗುಬಟು ಇರುವಂಥದ್ದನ್ನೇ ಹುಡುಕಬೇಕು. ಕರೆಂಟು ಹೋದಾಗಿನ ಆಸರೆಗೆ 5 ಕಿಲೋ ಸಿಲಿಂಡರ್ ಸಾಕು. ಅದನ್ನು ನೆಟ್ಟಗೆ, ಒಲೆಗಿಂತ ತಗ್ಗಿನಲ್ಲಿಡಿ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತಂಗುತ್ತದೆ, ಹಾಗಾಗಿ ಗೋಡೆಯ ಬುಡದಲ್ಲೂ ಗಾಳಿಕಿಂಡಿ ಇರಬೇಕು. ಹಳೆಯ ಮಾಳಿಗೆ ಮನೆಯ ಗವಾಕ್ಷಿ ಹೊಗೆಯನ್ನೂ ಸೆಕೆಯನ್ನೂ ಮೇಲಿಂದ ಕಳಿಸುತ್ತಿತ್ತು. ಫ್ಲ್ಯಾಟಿನಲ್ಲಿ ಅದಕ್ಕೆ ಬದಲು ಮೇಲೊಂದು ಸಣ್ಣ ಫ್ಯಾನು ಹಾಕಿಸಬೇಕಾಗುತ್ತದೆ.

ಇನ್ನು ನೀರು. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ಚಿತ್ರದುರ್ಗ ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚು. ವರ್ಷಗಟ್ಟಲೆ ಅದನ್ನು ಕುಡಿದರೆ ಕೀಲುಗಳು ಬಿಗಿದು, ಬೆನ್ನು ಬಾಗಿ, ಕೂರಲೂ ಏಳಲೂ ಕಷ್ಟವಾಗುತ್ತದೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬಹುತೇಕರು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುತ್ತಾರೆ. ಆ 20 ಕಿಲೋ ಭಾರವನ್ನು ಕಟ್ಟೆಗೆ ಎತ್ತುವ ಬದಲು ಗೇಣೆತ್ತರದ, ಮುಂದಕ್ಕೆ ಬಾಗಿಸಬಲ್ಲ ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟರೆ ಒಂದು ಕೈಯಿಂದಲೇ ನೀರು ಬಗ್ಗಿಸಬಹುದು. ಮನೆಯಲ್ಲೇ ಆರ್‌ಒ ಇದ್ದರೆ, ಅದು ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಚೆಲ್ಲುತ್ತದೆ. ಆ ಕೊಳವೆಯನ್ನು ಸಿಂಕಿನ ಬದಲು ಬಕೆಟ್ಟಿಗೆ ಬಿಟ್ಟರೆ ನೆಲ ಒರೆಸಲು, ಪಾತ್ರೆಯ ಮೊದಲ ತೊಳೆತಕ್ಕೆ ಆಯಿತು. ಸಿಂಕ್ ಆಳ ಕಡಿಮೆಯಿರಲಿ, ಆರು ಅಂಗುಲ ಸಾಕು, ಅಡಿಯಲ್ಲಿ ಮೊಣಕಾಲಿಗೆ ಜಾಗ ಉಳಿಯುತ್ತದೆ. ನಲ್ಲಿಗೆ ಉದ್ದ ಹಿಡಿಕೆ ಹಾಕಿಸಿದರೆ ಬಿಗಿದ ಬೆರಳಿನವರೂ ಪೂರ್ತಿ ಮುಚ್ಚಬಲ್ಲರು. ತೊಟ್ಟಿಕ್ಕುವ ನಲ್ಲಿಗಳಲ್ಲಿ ಎಷ್ಟೋ, ತಿರುಗಿಸಲಾಗದೆ ಬಿಟ್ಟವು.

ಬಾಡಿಗೆ ಮನೆಯಾದರೆ ಕಲ್ಲು ಒಡೆಯಲು ಮಾಲೀಕರು ಒಪ್ಪಲಾರರು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಟ್ಟಡಗಳ ಸುಗಮ್ಯತೆಯ ಬಗ್ಗೆ ಮಾತನಾಡುತ್ತದೆ ನಿಜ, ಆದರೆ ಕಾಯಿದೆಯ ಹೆಸರು ಹೇಳಿ ಬಾಡಿಗೆದಾರನೊಬ್ಬ ಅಡುಗೆಕಟ್ಟೆ ತಗ್ಗಿಸಿಕೊಂಡದ್ದನ್ನು ನಾವಂತೂ ಕೇಳಿಲ್ಲ. ಅಂಥಲ್ಲಿ 30 ಅಂಗುಲದ ಗಟ್ಟಿ ಮೇಜು, ಅದರ ಪಕ್ಕ ಅಲುಗದ ತಗ್ಗು ಬೆಂಚು, ಮೇಲೆ ಒಲೆ ಮತ್ತು ಆ ಲಾಳದ ಹಲಗೆ. ಮನೆ ಬಿಡುವಾಗ ಎಲ್ಲವೂ ಜತೆಗೆ ಬರುತ್ತವೆ. ಸ್ವಂತ ಮನೆಯವರು ಮಾತ್ರ ಮೇಸ್ತ್ರಿಯನ್ನು ಕರೆಯುವ ಮುನ್ನ ಒಂದು ಕೆಲಸ ಮಾಡಿರಿ: ಅಮ್ಮನನ್ನು ಅವರ ಕುರ್ಚಿಯಲ್ಲೇ ಕೂರಿಸಿ, ಬರಿಯ ಪಾತ್ರೆಯನ್ನೂ ಮುದ್ದೆಕೋಲನ್ನೂ ಕೊಟ್ಟು, ತಿರುವಿ ತೋರಿಸಲು ಹೇಳಿ, ಆಮೇಲೆ ಅಳತೆಪಟ್ಟಿ ಹಿಡಿಯಿರಿ.