ಕ್ಯಾನ್ಸರ್ ಕೋಶಕ್ಕೆ ಜೀನಿನ ಸಂದೇಶ ಒಯ್ಯುವ ಪಾಲಿಮರ್

ಖಾನಾಪುರ ತಾಲ್ಲೂಕಿನ ಕಣಕುಂಬಿಯು ಮಲಪ್ರಭಾ ನದಿಯ ಉಗಮಸ್ಥಾನ. ಆ ಭಾಗದ ಸಹ್ಯಾದ್ರಿಯ ಕಾಡುಗಳಲ್ಲಿ ಒಂದು ಚಿಕ್ಕ ಮರ ಬೆಳೆಯುವುದು. ಅದರ ಹೂವಿನ ನಾತ ಅಸಹ್ಯ. ಆದುದರಿಂದಲೇ ಅದಕ್ಕೆ ದುರ್ವಾಸನೆಯ ಮರವೆಂಬ ಹೆಸರು. ಮರಾಠಿ ಮಾತಿನವರು ನರಕ್ಯಾ ಎನ್ನುವರು. ವಾಚಕರು ಮೂಗು ಮುಚ್ಚಿಕೊಂಡು ದೂರ ಸರಿಯುವ ಮುನ್ನ ಸ್ವಲ್ಪ ನಿಲ್ಲಬೇಕು. ಏಡಿಗಂತಿ, ಅಂದರೆ ಕ್ಯಾನ್ಸರ್ ಕೋಶಗಳಿಗೆ ಜೀನಿನ ಸಂದೇಶವನ್ನು ಮುಟ್ಟಿಸುವ ವಿದ್ಯೆಗೂ ಈ ಮರದ ವಿಷಕ್ಕೂ ಹತ್ತಿರದ ನಂಟುಂಟು.

ಕ್ಯಾಂಪ್ಟೊಥೆಸಿನ್ ಎಂಬ ಆ ವಿಷವನ್ನು 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾಣಿ ಚೀನಾದ ಮರವೊಂದರಿಂದ ಬೇರ್ಪಡಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದನ್ನು ನಮ್ಮ ದುರ್ವಾಸನೆಯ ಮರದಲ್ಲಿಯೂ ಕಂಡರು. ಕೋಶವು ಇಬ್ಭಾಗವಾಗುವ ಮೊದಲು ಡಿಎನ್‌ಎಯ ಹುರಿ ಸಡಿಲಗೊಳ್ಳಬೇಕಷ್ಟೆ. ಈ ವಿಷ ಆ ಕೆಲಸವನ್ನು ನಡುವೆಯೇ ತಡೆದು ಎಳೆಗಳು ತುಂಡಾಗುವಂತೆ ಮಾಡುವುದು. ಆದರೆ ಅದು ನೀರಿನಲ್ಲಿ ಕರಗದು. ಕರಗುವ ಲವಣವನ್ನಾಗಿ ಮಾಡಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ, 1970ರ ದಶಕದಲ್ಲಿ ಆ ಪ್ರಯೋಗವನ್ನೇ ಕೈಬಿಡಬೇಕಾಯಿತು. ಮದ್ದಿತ್ತು, ವಾಹನವಿರಲಿಲ್ಲ.

ವಾಹನವನ್ನು ಕಟ್ಟಲು ಹೊರಟವರಲ್ಲಿ ಕ್ಯಾಲಿಫೋರ್ನಿಯಾದ ರಸಾಯನ ಎಂಜಿನಿಯರ್ ಮಾರ್ಕ್ ಡೇವಿಸ್ ಒಬ್ಬರು. ಸೈಕ್ಲೊಡೆಕ್ಸ್‌ಟ್ರಿನ್ ಎಂಬುದು ಪಿಷ್ಟದಿಂದ ದೊರೆಯುವ ಸಕ್ಕರೆಯ ಉಂಗುರ. ಇಂಥ ಉಂಗುರಗಳನ್ನು ಸರದಂತೆ ಪೋಣಿಸಿದ ಪಾಲಿಮರಿಗೆ ಅವರ ತಂಡ ಕ್ಯಾಂಪ್ಟೊಥೆಸಿನನ್ನು ಜೋಡಿಸಿತು. ಅದೇ ಜಾತಿಯ ಉಂಗುರದ ಸರ ಜೀನಿನ ಸಂದೇಶವನ್ನೂ ಹೊರಬಲ್ಲುದಾಗಿತ್ತು.

ಜೀನುಗಳನ್ನು ಒಯ್ಯಲು ವೈರಸ್ಸುಗಳೇ ಇಲ್ಲವೇ ಎಂದು ಕೇಳಬಹುದು. ಉಂಟು, ಕೋಶವನ್ನು ಹೊಗುವುದರಲ್ಲಿ ಅವು ನಿಪುಣ. ಆದರೆ 1999ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಯಕೃತ್ತಿನ ಆನುವಂಶಿಕ ದೋಷಕ್ಕಾಗಿ ವೈರಸ್ ಮೂಲಕ ಜೀನನ್ನು ಪಡೆದ 18 ವರ್ಷದ ತರುಣನೊಬ್ಬ ನಾಲ್ಕು ದಿನಗಳಲ್ಲಿ ತೀರಿಕೊಂಡನು. ಅವನ ದೇಹದ ರಕ್ಷಣಾಪಡೆಯೇ ಉಗ್ರವಾಗಿ ಕೆರಳಿತ್ತು. ಪಾಲಿಮರಿನ ಕಡೆಗೆ ಕಣ್ಣು ಹೊರಳಲು ಇದೂ ಒಂದು ಕಾರಣ.

ಪಾಲಿಮರಿನ ಯುಕ್ತಿ ಸರಳವಾದುದು. ಡಿಎನ್‌ಎ, ಆರ್‌ಎನ್‌ಎಗಳಿಗೆ ಋಣ ವಿದ್ಯುದಂಶ. ಪಾಲಿಮರಿಗೆ ಧನ ವಿದ್ಯುದಂಶವಿತ್ತರೆ ಎರಡೂ ತಾವಾಗಿಯೇ ಅಪ್ಪಿಕೊಂಡು ಕಣವಾಗುವುವು. ಡೇವಿಸರ ಕಣದ ಅಗಲ ಸುಮಾರು 70 ನ್ಯಾನೊಮೀಟರ್, ಅಂದರೆ ಕೂದಲೆಳೆಯ ಸಾವಿರದಲ್ಲಿ ಒಂದು ಪಾಲಿನಷ್ಟು. ಹೊರಮೈಗೆ ಟ್ರಾನ್ಸ್‌ಫೆರಿನ್ ಎಂಬ, ಕಬ್ಬಿಣವನ್ನು ಒಯ್ಯುವ ಪ್ರೋಟೀನನ್ನು ಅಂಟಿಸಿದ್ದರು. ಬೆಳೆಯುವ ಆತುರದಲ್ಲಿರುವ ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಹಸಿವು ಹೆಚ್ಚು. ಹಸಿದವನ ಬಾಗಿಲು ಅನ್ನ ತಂದವನಿಗೆ ಬೇಗ ತೆರೆಯುವುದು!

ಕಷ್ಟವಿರುವುದು ಮುಂದೆ. ಕಣವನ್ನು ಕೋಶವು ಒಂದು ಚೀಲದಲ್ಲಿ ನುಂಗುವುದು, ಅದರೊಳಗೆ ಆಮ್ಲವೇರುವುದು. ಅಲ್ಲಿಂದ ಪಾರಾಗದಿದ್ದರೆ ಸಂದೇಶ ಜೀರ್ಣವಾಗಿ ಹೋದೀತು. ರಕ್ತದಲ್ಲಿ ಬಿಗಿಯಾಗಿದ್ದ ಗಂಟು ಇಲ್ಲಿ ಸಡಿಲವಾಗಬೇಕು. 1995ರಿಂದ ಬಳಕೆಗೆ ಬಂದ ಪಾಲಿಎಥಿಲೀನಿಮೀನ್ ಈ ಚೀಲದಿಂದ ಹೊರಬರುವುದರಲ್ಲಿ ಬಹು ಜಾಣ. ಆದರೆ ಅದರ ಅತಿಯಾದ ಧನ ವಿದ್ಯುದಂಶವೇ ಒಳ್ಳೆಯ ಕೋಶಗಳಿಗೂ ವಿಷ.

2010ರಲ್ಲಿ ಡೇವಿಸ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಮೆಲನೋಮಾ ರೋಗಿಗಳ ರಕ್ತಕ್ಕೆ ಬಿಟ್ಟ ಕಣಗಳು ಗಡ್ಡೆಯನ್ನು ಸೇರಿದ್ದವು. ಕೋಶ ವಿಭಜನೆಗೆ ಬೇಕಾದ ಒಂದು ಜೀನಿನ ಆಜ್ಞೆಯನ್ನು ಅವು ಹೊತ್ತಿದ್ದ ಆರ್‌ಎನ್‌ಎ ಕತ್ತರಿಸಿತ್ತು. ಮನುಷ್ಯರಲ್ಲಿ ಇಂಥ ಸಾಕ್ಷ್ಯ ಅದೇ ಮೊದಲು. ಆದರೂ ಆ ಔಷಧ ಅಂಗಡಿಗೆ ಬರಲಿಲ್ಲ. ಕ್ಯಾಂಪ್ಟೊಥೆಸಿನನ್ನು ಹೊತ್ತ ಅದರ ಅಣ್ಣನೂ ಬರಲಿಲ್ಲ.

ಇತ್ತ ಕ್ಯಾಂಪ್ಟೊಥೆಸಿನ್ ಬೇರೆ ದಾರಿ ಹಿಡಿಯಿತು. ಅದರ ಅಣುವನ್ನೇ ತಿದ್ದಿ ಮಾಡಿದ ಟೊಪೊಟೆಕಾನ್, ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ದೊರೆಯಿತು. ಬೇಡಿಕೆಯೇರಿದಂತೆ ಸಹ್ಯಾದ್ರಿಯಲ್ಲಿ ದುರ್ವಾಸನೆಯ ಮರಗಳಿಗೆ ಕೊಡಲಿ ಬಿದ್ದಿತು. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ವೈದ್ಯ ಸಂಸ್ಥೆಯುಂಟು. ಸಹ್ಯಾದ್ರಿಯ ಔಷಧ ಸಸ್ಯಗಳು ಅಲ್ಲಿ ಅಧ್ಯಯನದ ವಸ್ತು. ಖಾನಾಪುರದ ಕಾಡಿಗೆ ಹೋಗುವ ವಿದ್ಯಾರ್ಥಿಗಳು ನಾತ ಬಂದತ್ತ ಒಮ್ಮೆ ತಿರುಗಿ ನೋಡಲಿ.